ಮಾನಸಿಕ ಕಾಯಿಲೆಯ ಮಾತ್ರೆ ಬಗ್ಗೆ ಹರಿದಾಡುತ್ತಿರುವ ಸಂದೇಶ ತಪ್ಪು

"ರಿಸ್ಪೆರಿಡೋನ್, ಒಲಾಂಜಪಿನ್ ತಿಂದವರಿಗೆ ಕೈಕಾಲು ಬಿಗಿದರೆ ಮಿದುಳು ಸತ್ತಿದೆ ಎಂದರ್ಥ, ಇವತ್ತೇ ನಿಲ್ಲಿಸಿ" ಎಂಬ ಸಂದೇಶ ಕುಮಟಾ, ಅಂಕೋಲಾ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಬಿಗಿತ, ಕೈನಡುಕ ಬರುವುದು ನಿಜ. ಈ ಮಾತ್ರೆಗಳು ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಕೈಕಾಲಿನ ಚಲನೆಗೂ ಅದೇ ಡೋಪಮೈನ್ ಬೇಕು. ಡೋಸ್ ಇಳಿಸಿದರೆ, ಮಾತ್ರೆ ಬದಲಿಸಿದರೆ ಅಥವಾ ಜತೆಗೆ ಬಿಗಿತ, ನಡುಕ ಇಳಿಸುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಕೊಟ್ಟರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಕೂತಲ್ಲಿ ಕೂರಲಾಗದ ಚಡಪಡಿಕೆಯೂ ಅಡ್ಡಪರಿಣಾಮವೇ. ಮನೆಯವರು ಅದನ್ನು 'ಕಾಯಿಲೆ ಜೋರಾಯ್ತು' ಅಂದುಕೊಳ್ಳುವುದುಂಟು. ಒಲಾಂಜಪಿನ್‌ನಿಂದ ಹಸಿವು, ತೂಕ, ರಕ್ತದ ಸಕ್ಕರೆ ಏರಬಹುದು. ರಿಸ್ಪೆರಿಡೋನ್‌ನಿಂದ ಮುಟ್ಟು ತಪ್ಪಬಹುದು. ನಾಚಿಕೆಗೆ ಎಷ್ಟೋ ಜನ ಬಾಯಿ ಬಿಡುವುದಿಲ್ಲ, ಡಾಕ್ಟರಿಗೆ ಹೇಳಲೇಬೇಕು ಮಾರಾಯ್ರೆ. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ತುಟಿ, ನಾಲಿಗೆ ತಾವಾಗಿ ಆಡತೊಡಗಿ ಹಾಗೇ ಉಳಿದುಬಿಡಬಹುದು. ಇದನ್ನೂ ಮುಚ್ಚಿಡಬೇಕಿಲ್ಲ.

ಆದರೆ ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಕೆಡಬಹುದು, ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಕಡಿಮೆ ಮಾಡುವುದಿದ್ದರೆ ವೈದ್ಯರನ್ನು ಕೇಳಿ, ಹಂತಹಂತವಾಗಿ. ಬಿಗಿತದ ಜತೆ ಜೋರು ಜ್ವರ, ಮಂಪರು ಬಂದರೆ, ಇಲ್ಲವೇ ಗಂಟಲು ಬಿಗಿದು ಉಸಿರು ಕಟ್ಟಿದರೆ ಮಾತ್ರ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಹತ್ತಿರದಲ್ಲಿ ಮನೋವೈದ್ಯರಿಲ್ಲದ ಘಟ್ಟದ ಮೇಲಿನ ಊರಿನವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ, ಉಚಿತ. ಆ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ಕಳಿಸಿ ಆಗಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.