ಲೋಳೆಸರ ರಾತ್ರಿ ಆಮ್ಲಜನಕ ಕೊಡುತ್ತದೆಯೇ? ಸತ್ಯಾಂಶ

“ಲೋಳೆಸರದ ಕುಂಡ ಮಲಗುವ ಕೋಣೆಯಲ್ಲಿಡಿ, ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ, ನಾಸಾನೇ ಹೇಳಿದೆ” ಅನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಇದು ಸುಮ್ನೆ ಹುಟ್ಟಿದ್ದಲ್ಲ, ಅರ್ಧ ನಿಜವನ್ನು ಎಳೆದು ದೊಡ್ಡದು ಮಾಡಿದ್ದು.

ಲೋಳೆಸರ ಒಣ ನೆಲದ ಗಿಡ. ಹಗಲಲ್ಲಿ ಎಲೆಯ ರಂಧ್ರ ತೆರೆದರೆ ಒಳಗಿನ ನೀರು ಆವಿಯಾಗುತ್ತದೆ. ಹಾಗಾಗಿ ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬೆಳಗಾದ ಮೇಲೆ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಆಮ್ಲಜನಕ ಹುಟ್ಟುವುದು ಆಗಲೇ, ಬೆಳಕಿನಲ್ಲಿ. ಕತ್ತಲಲ್ಲಿ ಅದು ಆಮ್ಲಜನಕ ತಯಾರಿಸುವುದಿಲ್ಲ.

ಇನ್ನು ನಾಸಾ ವಿಷಯ. 1989ರಲ್ಲಿ ನಾಸಾ ಮಾಡಿದ ಪ್ರಯೋಗದಲ್ಲಿ ಗಿಡಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು, ಒಳಗಿನ ಗಾಳಿಯಲ್ಲಿ ಬೆಂಜೀನ್‌ನಂಥ ಹಾನಿಕರ ರಾಸಾಯನಿಕ ಎಷ್ಟು ಇಳಿಯುತ್ತದೆ ಅಂತ ನೋಡಿದ್ದರು. ಆಮ್ಲಜನಕದ ಮಾತೇ ಅಲ್ಲ. ನಮ್ಮ ಕೋಣೆ ಮುಚ್ಚಿದ ಪೆಟ್ಟಿಗೆಯೂ ಅಲ್ವಲ್ಲ! 2019ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಸಹಜವಾಗಿ ಓಡಾಡುವ ಗಾಳಿಯಷ್ಟೇ ಈ ರಾಸಾಯನಿಕ ತೆಗೆಯಲು ಕೋಣೆಯ ನೆಲದ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಮಂಚ ಎಲ್ಲಿ ಹಾಕೋದು?

ಮೆಸೇಜ್ ನಂಬಿ ಕತ್ತಲೆ ಮೂಲೆಯಲ್ಲಿಟ್ಟರೆ ಪಾಪ, ನಷ್ಟ ಗಿಡಕ್ಕೆ. ಎಲೆ ತೆಳ್ಳಗೆ, ಉದ್ದಕ್ಕೆ ಬೆಳೆದು ಜೋತು ಬೀಳುತ್ತದೆ. ಒಳ್ಳೆ ಬೆಳಕಿರುವ ಕಿಟಕಿ ಪಕ್ಕ ಇಡಿ, ಆದರೆ ಒಮ್ಮೆಲೇ ಸುಡುಬಿಸಿಲಿಗೆ ಬೇಡ. ತಳದಲ್ಲಿ ತೂತಿರುವ ಕುಂಡವೇ ಇರಲಿ. ನೀರು ಹಾಕುವ ಮುಂಚೆ ಮಣ್ಣಿಗೆ ಬೆರಳಿಡಿ; ಎರಡು ಇಂಚು ಆಳದವರೆಗೂ ಒಣಗಿದ್ದರೆ ಮಾತ್ರ ಹಾಕಿ. ಬುಡದ ಎಲೆ ಕಂದಾಗಿ ಮೆತ್ತಗಾಗಿದೆಯೇ? ಬಹುಶಃ ನೀರು ಜಾಸ್ತಿಯಾಗಿದೆ.