ಮಲೆನಾಡಿಗೆ ತೇವ ಅರಿಯದ ಥರ್ಮೋಸ್ಟ್ಯಾಟ್ ಬೇಡ

ಥರ್ಮೋಸ್ಟ್ಯಾಟ್ ಅಂದರೆ ಕೋಣೆಯ ಉಷ್ಣತೆ ನೋಡಿ ಎಸಿ ಓಡಿಸುವ, ನಿಲ್ಲಿಸುವ ಸಾಧನ. ನೆಟ್‌ವರ್ಕ್ ಥರ್ಮೋಸ್ಟ್ಯಾಟ್ ಹಾಕಿಸಲು ಹೊರಟ ಬಟ್ಟೆ ಅಂಗಡಿ, ಲಾಡ್ಜು, ಆಸ್ಪತ್ರೆ, ಕಲ್ಯಾಣ ಮಂಟಪದವರು ಸಾಮಾನ್ಯವಾಗಿ ಮೊದಲು ಕೇಳುವುದು, "ಮನೇಲಿ ಕೂತು ಮೊಬೈಲ್‌ನಿಂದ ಎಸಿ ಆಫ್ ಮಾಡಬಹುದಾ?" ಅಂತ. ಮಾಡಬಹುದು. ಕೋಣೆಗೊಂದು ಥರ್ಮೋಸ್ಟ್ಯಾಟ್, ಅವೆಲ್ಲ ಒಂದು ಕೇಬಲ್ಲಿಗೋ ವೈಫೈಗೋ ಸೇರಿ ಒಂದೇ ಪರದೆಯಲ್ಲಿ ಕಾಣುವುದು ನಿಜಕ್ಕೂ ಉಪಯೋಗದ ಏರ್ಪಾಡು. ಆದರೆ ಶಿವಮೊಗ್ಗದಲ್ಲಿ, ಅದಕ್ಕಿಂತ ಹೆಚ್ಚಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ, ಮೊದಲು ಕೇಳಬೇಕಾದ್ದು ಬೇರೆ. ಇದು ಗಾಳಿಯ ತೇವಾಂಶ ಅಳೆಯುತ್ತದಾ? ಅಳೆದದ್ದನ್ನು ನೋಡಿಕೊಂಡು ಎಸಿ ಓಡಿಸುತ್ತದಾ, ಇಲ್ಲಾ ಸುಮ್ಮನೆ ಪರದೆಯ ಮೂಲೆಯಲ್ಲಿ ತೋರಿಸುತ್ತದಾ? ಬರೀ ತೋರಿಸುವುದಾದರೆ ಅದಕ್ಕೆ ದುಡ್ಡು ಹಾಕಬೇಡಿ.

ಆರಿದ್ರಾ ಹಿಡಿದು ಪುನರ್ವಸು, ಪುಷ್ಯ, ಆಶ್ಲೇಷಾ ಮುಗಿಯುವವರೆಗೆ ನಮ್ಮಲ್ಲಿ ಹೊರಗಿನ ಗಾಳಿ 23 ಡಿಗ್ರಿ ಆಸುಪಾಸು, ತೇವಾಂಶ ಶೇ. 90ರ ಹತ್ತಿರ ಇರುವ ದಿನಗಳು ಸಾಲುಸಾಲಾಗಿ ಬರುತ್ತವೆ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 21 ಡಿಗ್ರಿ. ಅಂದರೆ 21ಕ್ಕಿಂತ ತಣ್ಣಗಿರುವ ಗಾಜು, ಗೋಡೆ, ಪೈಪು ಯಾವುದಕ್ಕೆ ತಗುಲಿದರೂ ಅಲ್ಲಿ ನೀರು ಕೂರುತ್ತದೆ. ಈಗ ಎಸಿ 24ಕ್ಕೆ ಇಟ್ಟಿದ್ದೀರಿ ಅಂದುಕೊಳ್ಳಿ. ಬಾಗಿಲಿನಿಂದ ಬರುವ ಗಾಳಿಯೇ 23. ಉಷ್ಣತೆ ಮಾತ್ರ ನೋಡುವ ಥರ್ಮೋಸ್ಟ್ಯಾಟಿಗೆ ಮಾಡಲು ಕೆಲಸವಿಲ್ಲ, ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಫ್ಯಾನ್ 'ಆನ್'ನಲ್ಲಿದ್ದರೆ ಅದು ತಿರುಗುತ್ತಲೇ ಇದ್ದು, ಎಸಿಯೊಳಗೆ ಗಾಳಿ ತಣಿಸುವ ಕಾಯಿಲ್ ಮೇಲೂ ಅದರ ಕೆಳಗಿನ ಟ್ರೇಯಲ್ಲೂ ನಿಂತ ನೀರನ್ನು ಆವಿ ಮಾಡಿ ಪುನಃ ಕೋಣೆಗೇ ಊದುತ್ತದೆ. ಪರದೆಯಲ್ಲಿ ಎಲ್ಲ ಸರಿಯಿದೆ. ಕೋಣೆಯ ತೇವಾಂಶ ಮಾತ್ರ ಶೇ. 80 ದಾಟಿರುತ್ತದೆ, ಕೂತವರ ಮೈ ಅಂಟುತ್ತಿರುತ್ತದೆ.

ಆಗ ಕೌಂಟರಿನಲ್ಲಿರುವವರು ರಿಮೋಟ್ ತಗೊಂಡು 18ಕ್ಕೆ ಇಳಿಸುತ್ತಾರೆ. ಅವರ ತಪ್ಪಲ್ಲ, ಅವರ ಕೈಯಲ್ಲಿರುವುದು ಅದೊಂದೇ ಗುಂಡಿ. ಕಂಪ್ರೆಸರ್ ಬಿಡದೆ ಓಡಿ ಗಾಳಿ ಸ್ವಲ್ಪ ಒಣಗುವುದೂ ನಿಜ. ಆದರೆ ಗಾಜು, ಫಾಲ್ಸ್ ಸೀಲಿಂಗ್, ಗಾಳಿ ಬರುವ ಜಾಲರಿ ಎಲ್ಲವೂ 21ರ ಕೆಳಗೆ ಇಳಿದಿರುತ್ತವೆ. ಗಿರಾಕಿ ಬಾಗಿಲು ತೆಗೆದಾಗಲೆಲ್ಲ ಒಳನುಗ್ಗುವ ಹಸಿ ಗಾಳಿ ಅವುಗಳ ಮೇಲೆ ನೀರಾಗುತ್ತದೆ. ಜಿಪ್ಸಂ ಹಲಗೆಯಲ್ಲಿ ಹಳದಿ ಕಲೆ, ಬೀರುವಿನ ಹಿಂಬದಿಯಲ್ಲಿ ಬೂಷ್ಟು, ರೇಷ್ಮೆ ಸೀರೆಯ ಕಪಾಟಿನಲ್ಲಿ ಮುಗ್ಗು ವಾಸನೆ ಬರುವುದು ಹೀಗೆ. ಗೋಡೆಗೆ ಅಂಟಿಕೊಂಡ ಗಾಳಿಯ ತೇವಾಂಶ ಕೆಲವು ದಿನ ಶೇ. 80ರ ಮೇಲೆ ನಿಂತರೆ ಸಾಕು, ಬೂಷ್ಟು ಬೇರು ಬಿಡುತ್ತದೆ. ಬಿಲ್ಲಿನ ಮಾತು ಬೇರೆ: ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ವಿದ್ಯುತ್ ಉಳಿಯುತ್ತದೆ ಎನ್ನುವುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರ ಜನವರಿಯಿಂದ ಸ್ಟಾರ್ ಲೇಬಲ್‌ನ ರೂಮ್ ಎಸಿಗಳು 24ರಲ್ಲೇ ಶುರುವಾಗಬೇಕೆಂಬ ನಿಯಮ ಬಂದದ್ದೂ ಇದೇ ಕಾರಣಕ್ಕೆ.

ಮಳೆಗಾಲಕ್ಕೆ ಇಡಬೇಕಾದ ಲೆಕ್ಕ ಇಷ್ಟು. ಉಷ್ಣತೆ 24 ಅಥವಾ 25, ತೇವಾಂಶದ ಗಡಿ ಶೇ. 60. ಗಡಿ ದಾಟಿದರೆ, ಕೋಣೆ ತಣ್ಣಗಿದ್ದರೂ ಸರಿ, ಕಂಪ್ರೆಸರ್ ಓಡಬೇಕು, ಫ್ಯಾನ್ ಮಾತ್ರ ಅತಿ ಕಡಿಮೆ ವೇಗದಲ್ಲಿ. ಗಾಳಿ ನಿಧಾನಕ್ಕೆ ಹರಿದಷ್ಟೂ ಕಾಯಿಲ್ ಹೆಚ್ಚು ತಣ್ಣಗಾಗುತ್ತದೆ, ಹೆಚ್ಚು ನೀರು ಹಿಂಡುತ್ತದೆ. ಇಟ್ಟ ಉಷ್ಣತೆಗಿಂತ 2 ಡಿಗ್ರಿ ಕೆಳಗಿಳಿದರೆ ನಿಲ್ಲಬೇಕು, ಇಲ್ಲದಿದ್ದರೆ ಮತ್ತೆ 18ರ ಕತೆಯೇ. ಫ್ಯಾನ್ 'ಆಟೋ'ದಲ್ಲಿರಲಿ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡಿಸುವ ಹೆಚ್ಚುವರಿ ಸಮಯ ಬೇಸಿಗೆಯಲ್ಲಿ ಲಾಭ, ಮಳೆಗಾಲದಲ್ಲಿ ಅದನ್ನು ಸೊನ್ನೆ ಮಾಡಿ. ಕಂಪ್ರೆಸರ್ ನಿಂತ ಮೇಲೆ ಕನಿಷ್ಠ 3 ನಿಮಿಷ ಬಿಡುವು ಬೇಕೇ ಬೇಕು. ಇದರ ಜೊತೆಗೆ ಟಾಯ್ಲೆಟ್ಟಿನ ಎಕ್ಸಾಸ್ಟ್ ಫ್ಯಾನನ್ನೂ ನೋಡಿ. ಅದು ರಾತ್ರಿಯಿಡೀ ಓಡಿದರೆ ಅಷ್ಟೇ ಹಸಿ ಗಾಳಿಯನ್ನು ಹೊರಗಿನಿಂದ ಎಳೆದು ತಂದು ಒಳಗೆ ತುಂಬುತ್ತದೆ. ಅದನ್ನೂ ಅದೇ ವೇಳಾಪಟ್ಟಿಗೆ ಕಟ್ಟಿ.

ನಮ್ಮಲ್ಲಿ ಹೀಟಿಂಗ್ ಯಾಕೆ ಬೇಕು ಅನ್ನುವವರಿದ್ದಾರೆ. ಚಳಿಗಾಗಿ ಬಹುಪಾಲು ಬೇಡವೇ ಬೇಡ. ಆದರೆ ಆಪರೇಷನ್ ಥಿಯೇಟರಿಗೆ ಬೇಕು. ಅಲ್ಲಿ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾರ್ಗಸೂಚಿ ಪ್ರಕಾರ 21 ಡಿಗ್ರಿ, ಹೆಚ್ಚೆಂದರೆ 3 ಡಿಗ್ರಿ ಆಚೆ ಈಚೆ, ತೇವಾಂಶ ಶೇ. 60 ಮೀರಬಾರದು. ಜುಲೈನಲ್ಲಿ ಅದನ್ನು ಸಾಧಿಸಲು ಗಾಳಿಯನ್ನು ಚೆನ್ನಾಗಿ ತಣ್ಣಗೆ ಮಾಡಿ ನೀರು ಹಿಂಡಿ, ಆಮೇಲೆ ಹೀಟರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಬಿಡಬೇಕು. ಆ ಹೀಟರು ಥರ್ಮೋಸ್ಟ್ಯಾಟಿನ ಹಿಡಿತದಲ್ಲಿರಬೇಕು, ಜೊತೆಗೆ ಗಾಳಿಯ ಹರಿವು ನಿಂತರೆ ತಾನೇ ಕಡಿದುಹೋಗುವ ಸ್ವಿಚ್ಚೂ ಬೇಕು. ಮಿಕ್ಕ ಕಟ್ಟಡಗಳಲ್ಲಿ ಬಿಸಿ, ತಂಪು ಎರಡೂ ಇದ್ದರೆ ನಡುವೆ 3 ಡಿಗ್ರಿ ಅಂತರ ಬಿಡಿ. ಇಸಿಬಿಸಿ, ಅಂದರೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ ಇದನ್ನೇ ಹೇಳುತ್ತದೆ. ಅಂತರವಿಲ್ಲದಿದ್ದರೆ ಒಂದು ಯಂತ್ರ ಕಾಯಿಸುತ್ತಿರುತ್ತದೆ, ಇನ್ನೊಂದು ತಣಿಸುತ್ತಿರುತ್ತದೆ, ಬಿಲ್ಲು ಎರಡಕ್ಕೂ ಬರುತ್ತದೆ.

ಲಾಡ್ಜು, ಹೋಮ್‌ಸ್ಟೇ ನಡೆಸುವವರು ಈ ಭಾಗ ಗಮನವಿಟ್ಟು ಓದಿ. ಅತಿಥಿ ಕೀ ಕಾರ್ಡ್ ತೆಗೆದ ಕೂಡಲೇ ಎಸಿ ಪೂರ್ತಿ ಆಫ್ ಆಗುವ ಏರ್ಪಾಡು ಬಯಲುಸೀಮೆಗೆ ಸರಿ. ಆಗುಂಬೆ ಕಡೆ ವಾರಗಟ್ಟಲೆ ಬೀಗ ಹಾಕಿದ ಕೋಣೆಯಲ್ಲಿ ಹಾಸಿಗೆ, ಪರದೆ, ಬೀರು ಎಲ್ಲ ತೇವ ಕುಡಿಯುತ್ತವೆ. ಖಾಲಿ ಕೋಣೆಗೆ ಉಷ್ಣತೆ 28ಕ್ಕೆ ಏರಿಸಿಡಿ, ಆದರೆ ತೇವಾಂಶ ಶೇ. 65 ದಾಟಿದರೆ 'ಡ್ರೈ' ಮೋಡ್‌ನಲ್ಲಿ 20-30 ನಿಮಿಷ ಓಡಿ ನಿಲ್ಲುವ ಹಾಗೆ ಮಾಡಿ. ಇದಕ್ಕಾಗಿ ಕಾರ್ಡ್ ಸ್ವಿಚ್ಚು ಎಸಿಯ ಕರೆಂಟನ್ನೇ ಕಡಿಯಬಾರದು, ಥರ್ಮೋಸ್ಟ್ಯಾಟಿಗೆ 'ಕೋಣೆ ಖಾಲಿ' ಎಂಬ ಸಂಕೇತ ಮಾತ್ರ ಕೊಡಬೇಕು. ಎಲೆಕ್ಟ್ರಿಷಿಯನ್‌ಗೆ ಇದನ್ನು ವೈರಿಂಗ್ ಮುಗಿಯುವ ಮುಂಚೆಯೇ ಹೇಳಿ.

ಕಲ್ಯಾಣ ಮಂಟಪದ ಲೆಕ್ಕವೇ ಬೇರೆ. ಸುಮ್ಮನೆ ಕೂತ ಒಬ್ಬ ಮನುಷ್ಯನಿಂದ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ, ಅದರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಬೆವರು-ಉಸಿರಿನ ತೇವದ ರೂಪದಲ್ಲಿ. 500 ಜನಕ್ಕೆ 50 ಕಿಲೋವ್ಯಾಟ್, ಅಂದರೆ 14 ಟನ್ ಎಸಿಯ ಕೆಲಸ ಜನರಿಂದಲೇ. ಧಾರೆಯ ಹೊತ್ತಿಗೆ ಜನ ತುಂಬಿದ ಮೇಲೆ ಎಸಿ ಹಾಕಿದರೆ ಹಿಡಿತಕ್ಕೆ ಬರುವುದಿಲ್ಲ. ಮುಹೂರ್ತಕ್ಕೆ ಒಂದೂವರೆ ಗಂಟೆ ಮೊದಲೇ ಸಭಾಂಗಣ ಒಣಗಿಸಲು ಶುರು ಮಾಡಿ, ಊಟಕ್ಕೆ ಜನ ಎದ್ದ ಕೂಡಲೇ ಅರ್ಧ ಯಂತ್ರಗಳನ್ನು ನಿಲ್ಲಿಸಿ. ನೆಟ್‌ವರ್ಕ್ ಇರುವುದರ ನಿಜವಾದ ಲಾಭ ಸಿಗುವುದು ಇಲ್ಲಿ.

ಥರ್ಮೋಸ್ಟ್ಯಾಟ್ ಕೂರಿಸುವ ಜಾಗದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ನೆಲದಿಂದ ಒಂದೂವರೆ ಮೀಟರ್ ಎತ್ತರ, ಒಳಗೋಡೆ, ಎಸಿ ಗಾಳಿ ನೇರ ಬಡಿಯದ ಕಡೆ, ಟಿವಿ-ಪ್ರಿಂಟರ್-ಫ್ರಿಜ್ಜಿನಿಂದ ದೂರ. ಹೊರಗೋಡೆ ಬೇಡವೇ ಬೇಡ. ಜಂಬಿಟ್ಟಿಗೆಯ ಗೋಡೆ ಮಳೆ ಕುಡಿದು ತಣ್ಣಗಿರುವಾಗ ಸೆನ್ಸರ್ ಗೋಡೆಯ ಉಷ್ಣತೆ ಹೇಳುತ್ತದೆಯೇ ಹೊರತು ಕೋಣೆಯದ್ದಲ್ಲ. ಇನ್ನೊಂದು ಕಣ್ಣಿಗೆ ಬೀಳದ ತಪ್ಪು: ಫಾಲ್ಸ್ ಸೀಲಿಂಗ್ ಮೇಲಿನಿಂದ ಬರುವ ವೈರಿನ ಪೈಪಿನೊಳಗಿನ ಹಸಿ ಗಾಳಿ ನೇರ ಥರ್ಮೋಸ್ಟ್ಯಾಟಿನ ಬೆನ್ನಿಗೆ ಇಳಿಯುತ್ತದೆ. ಸೆನ್ಸರ್ ಅದನ್ನೇ ಅಳೆಯುತ್ತದೆ. ವೈರು ಎಳೆದ ಮೇಲೆ ಪೈಪಿನ ಬಾಯನ್ನು ಪುಟ್ಟಿಯಿಂದಲೋ ಸಿಲಿಕಾನ್‌ನಿಂದಲೋ ಮುಚ್ಚಿ. ಇರುವೆಗೂ ಅದೇ ದಾರಿ. ಎಸಿಯನ್ನು ಆನ್-ಆಫ್ ಮಾಡುವ ಒಳಗಿನ ಸ್ವಿಚ್ಚಾದ ರಿಲೇಯ ಸಂದಿಗೆ ಇರುವೆ ಸೇರಿದರೆ ಎಸಿ ಆನ್ ಆಗುವುದೂ ಇಲ್ಲ, ಯಾಕೆಂದು ಯಾರಿಗೂ ತಿಳಿಯುವುದೂ ಇಲ್ಲ.

ಇನ್ನು ಕೇಬಲ್. ಹತ್ತಕ್ಕಿಂತ ಹೆಚ್ಚು ಥರ್ಮೋಸ್ಟ್ಯಾಟ್ ಇದ್ದರೆ ವೈಫೈ ನಂಬಬೇಡಿ. ದಪ್ಪ ಜಂಬಿಟ್ಟಿಗೆ ಗೋಡೆ ದಾಟಿ ಸಿಗ್ನಲ್ ಹೋಗುವುದಿಲ್ಲ, ಯಾರೋ ರೂಟರಿನ ಪಾಸ್‌ವರ್ಡ್ ಬದಲಿಸಿದರೆ ಅಷ್ಟೂ ಒಟ್ಟಿಗೆ ಸಾಯುತ್ತವೆ. ಆರ್‌ಎಸ್-485 ಎಂಬ ಜೋಡಿ ತಂತಿಯ ಸಂಪರ್ಕದ ಮೇಲೆ ಮಾಡ್‌ಬಸ್ ಎಂಬ ಯಂತ್ರಭಾಷೆ ಮಾತಾಡುವ ಥರ್ಮೋಸ್ಟ್ಯಾಟ್ ತಗೊಳ್ಳಿ. 1979ರ ಹಳೆಯ ಭಾಷೆಯಾದರೂ ಇವತ್ತಿಗೂ ಎಲ್ಲ ಕಂಪನಿಗೂ ಅರ್ಥವಾಗುತ್ತದೆ. ಶೀಲ್ಡ್ ಇರುವ, ಹೆಣೆದ ಜೋಡಿ ತಂತಿಯ ಕೇಬಲ್ಲೇ ಬೇಕು, ಉಳಿದಿದ್ದ ಟೆಲಿಫೋನ್ ವೈರ್ ನಡೆಯುವುದಿಲ್ಲ. ಒಂದು ಥರ್ಮೋಸ್ಟ್ಯಾಟಿನಿಂದ ಮುಂದಿನದಕ್ಕೆ, ಅದರಿಂದ ಮುಂದಿನದಕ್ಕೆ, ಹೂವಿನ ಮಾಲೆಯ ಹಾಗೆ ಒಂದೇ ಎಳೆಯಲ್ಲಿ ಹೋಗಬೇಕು. ನಡುವೆ ಕವಲು ತೆಗೆದರೆ ಸಂಕೇತ ಕವಲಿನ ತುದಿಗೆ ಬಡಿದು ಹಿಂದಿರುಗಿ ಗೊಂದಲ ಮಾಡುತ್ತದೆ. ಒಂದು ಎಳೆಯಲ್ಲಿ ಸಾಮಾನ್ಯವಾಗಿ 32 ಸಾಧನ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಸುಮಾರು 1200 ಮೀಟರ್ ಉದ್ದ. ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥಿಂಗ್ ಮಾಡಿ. ಪವರ್ ಕೇಬಲ್ಲಿನಿಂದ ಒಂದು ಅಡಿ ದೂರವಿಡಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಕಂಪ್ಯೂಟರ್ ಬೇಡ, ಮಲ್ಟಿಮೀಟರ್ ಸಾಕು. ಎಲ್ಲ ಸಾಧನದ ಕರೆಂಟ್ ತೆಗೆದು ಕೇಬಲ್ಲಿನ ಎ, ಬಿ ಎಂಬ ಎರಡು ಸಂಕೇತದ ತಂತಿಗಳ ನಡುವೆ ಓಮ್ ನೋಡಿ. 60ರ ಹತ್ತಿರ ಬಂದರೆ ಸರಿ. 120 ಬಂದರೆ ಒಂದು ತುದಿಯ ರೆಸಿಸ್ಟರ್ ಇಲ್ಲ, ಅಥವಾ ತಂತಿ ಎಲ್ಲೋ ಕಡಿದಿದೆ. 40 ಬಂದರೆ ಮೂರು ಹಾಕಿದ್ದಾರೆ. ಒಂದೇ ಒಂದು ಥರ್ಮೋಸ್ಟ್ಯಾಟ್ ಉತ್ತರ ಕೊಡದಿದ್ದರೆ ಎ-ಬಿ ಅದಲುಬದಲಾಗಿದೆಯೇ ನೋಡಿ. ಎರಡು ಸರದಿಯಂತೆ ಕಾಣಿಸಿ ಮಾಯವಾಗುತ್ತಿದ್ದರೆ ಎರಡಕ್ಕೂ ಒಂದೇ ವಿಳಾಸ ಬಿದ್ದಿದೆ. ಕಾರ್ಖಾನೆಯಿಂದ ಎಲ್ಲವೂ ಸಾಮಾನ್ಯವಾಗಿ 1 ಎಂಬ ವಿಳಾಸದಲ್ಲೇ ಬರುತ್ತವೆ, ಆದ್ದರಿಂದ ಒಂದೊಂದನ್ನೇ ಚಾಲೂ ಮಾಡಿ ವಿಳಾಸ ಕೊಡಬೇಕು. ಪರದೆಯಲ್ಲಿ 245 ಡಿಗ್ರಿ ಕಂಡರೆ ಗಾಬರಿ ಬೇಡ, ಅದು 24.5, ಹತ್ತರಿಂದ ಭಾಗಿಸಲು ಹೇಳಿಲ್ಲ ಅಷ್ಟೆ.

ಸ್ಪ್ಲಿಟ್ ಎಸಿ ಇರುವ ಕಡೆ ಒಂದು ಎಚ್ಚರಿಕೆ. ಥರ್ಮೋಸ್ಟ್ಯಾಟಿನ ರಿಲೇಯಿಂದ ಇನ್ವರ್ಟರ್ ಎಸಿಯ ಮೇನ್ ಕರೆಂಟನ್ನೇ ಆನ್-ಆಫ್ ಮಾಡಿಸುವವರಿದ್ದಾರೆ. ಹೊರಗಿನ ಯೂನಿಟ್ಟಿನ ಬೋರ್ಡ್ ಹಾಳಾಗುವ ನೇರ ದಾರಿ ಅದು. ಎಸಿಯನ್ನು ನೆಟ್‌ವರ್ಕಿಗೆ ಜೋಡಿಸುವ, ಅದೇ ಎಸಿ ಕಂಪನಿಯ ಗೇಟ್‌ವೇ ಸಾಧನ ಹಾಕಿ, ಇಲ್ಲವೇ ರಿಮೋಟಿನ ಸಂಕೇತ ಕಳಿಸುವ ಡಬ್ಬಿ ಬಳಸಿ. ಆ ಡಬ್ಬಿಗೆ ಎಸಿ ನಿಜವಾಗಿ ಆನ್ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ, ಆದ್ದರಿಂದ ಎಸಿಯ ಲೈನಿಗೆ ಕರೆಂಟ್ ಅಳೆಯುವ ಸಿಟಿಯೊಂದನ್ನು (ಕರೆಂಟ್ ಟ್ರಾನ್ಸ್‌ಫಾರ್ಮರ್) ಸೇರಿಸಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅಮೆರಿಕದ ಮಾದರಿಗಳು 24 ವೋಲ್ಟಿನವು. ದೊಡ್ಡ ಕಟ್ಟಡಗಳಲ್ಲಿ ತಣ್ಣೀರಿನ ಕಾಯಿಲ್ ಮೇಲೆ ಗಾಳಿ ಊದುವ ನಮ್ಮ ಫ್ಯಾನ್ ಕಾಯಿಲ್‌ಗಳಲ್ಲಿ ಹೆಚ್ಚಿನವು 230 ವೋಲ್ಟಿನ ಮೂರು ವೇಗದ ಫ್ಯಾನಿನವು. ಹೊಂದುವುದಿಲ್ಲ.

ಕರೆಂಟ್ ಹೋಗಿ ಬರುವುದು ನಮ್ಮ ಮಳೆಗಾಲದ ದಿನಚರಿ. ವೇಳಾಪಟ್ಟಿ ಥರ್ಮೋಸ್ಟ್ಯಾಟಿನೊಳಗೇ ಇರಬೇಕು, ಎಲ್ಲೋ ದೂರದ ಸರ್ವರಿನಲ್ಲಲ್ಲ. 100 ಕಿಲೋವ್ಯಾಟ್ ಸಂಪರ್ಕಿತ ಲೋಡ್ ಅಥವಾ 120 ಕೆವಿಎ ಬೇಡಿಕೆ ಮುಟ್ಟುವ ಕಟ್ಟಡಗಳಿಗಾಗಿ ಬರೆದ 2017ರ ಇಸಿಬಿಸಿ, ಕರೆಂಟ್ ಹೋದರೂ ಕನಿಷ್ಠ 10 ಗಂಟೆ ಸಮಯ-ವೇಳಾಪಟ್ಟಿ ಉಳಿಯಬೇಕು ಎನ್ನುತ್ತದೆ. ಚಿಕ್ಕ ಕಟ್ಟಡದವರೂ ಇದನ್ನೇ ಕೇಳಿ ಪಡೆಯಿರಿ. ಕರೆಂಟ್ ಬಂದಾಗ ಇಪ್ಪತ್ತು ಎಸಿ ಒಟ್ಟಿಗೆ ಎದ್ದರೆ ಜನರೇಟರೂ ತಡೆಯದು, ಮೆಸ್ಕಾಂ ಬಿಲ್ಲಿನ ಡಿಮ್ಯಾಂಡೂ ಏರುತ್ತದೆ. ಒಂದೊಂದಕ್ಕೂ 30 ಸೆಕೆಂಡ್ ಅಂತರ ಕೊಡಿ. ಏಪ್ರಿಲ್-ಮೇ ಗುಡುಗಿನ ಮಳೆಗೆ ಡಿಬಿಯಲ್ಲಿ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಸಿಡಿಲಿನಿಂದ ನುಗ್ಗುವ ವೋಲ್ಟೇಜ್ ತಡೆಯುವ ಸರ್ಜ್ ಅರೆಸ್ಟರ್ ಇರಲಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ತಂತಿ ಎಳೆಯಬೇಡಿ, ಅಲ್ಲಿ ಫೈಬರ್ ಹಾಕಿ.

ಕ್ಲೌಡ್, ಅಂದರೆ ಇಂಟರ್ನೆಟ್ ಆಚೆಯ ಕಂಪನಿಯ ಸರ್ವರ್ ನಂಬಿದವರಿಗೆ ಎರಡು ಸಂಗತಿ. ಗೂಗಲ್ ತನ್ನ ನೆಸ್ಟ್ ಥರ್ಮೋಸ್ಟ್ಯಾಟಿನ ಮೊದಲೆರಡು ತಲೆಮಾರುಗಳಿಗೆ 2025ರ ಅಕ್ಟೋಬರ್ 25ರಂದು ಆ್ಯಪ್ ಸಂಪರ್ಕ ಕಡಿಯಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಬಹುದು, ಅಷ್ಟೇ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದವರು ಒಳಹೊಕ್ಕದ್ದು ಎಸಿ-ರೆಫ್ರಿಜರೇಷನ್ ಗುತ್ತಿಗೆದಾರರ ಲಾಗಿನ್ ಕದ್ದು. ಬಿಲ್ಲಿಂಗ್ ಕಂಪ್ಯೂಟರು, ಗಿರಾಕಿಗಳ ವೈಫೈ, ಥರ್ಮೋಸ್ಟ್ಯಾಟು ಮೂರೂ ಬೇರೆ ಬೇರೆ ನೆಟ್‌ವರ್ಕಿನಲ್ಲಿರಲಿ. ಕಾರ್ಖಾನೆಯ ಪಾಸ್‌ವರ್ಡ್ ಮೊದಲ ದಿನವೇ ಬದಲಾಗಲಿ.

ತೇವಾಂಶದ ಸೆನ್ಸರ್ ಸದಾ ಹಸಿ ಗಾಳಿಯಲ್ಲಿದ್ದರೆ ವರ್ಷಗಳಲ್ಲಿ ದಾರಿ ತಪ್ಪುತ್ತದೆ. ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಕರಗಿ ನೀರಾಗದಂತೆ ಹನಿ ನೀರಲ್ಲಿ ಒದ್ದೆ ಮಾಡಿ, ಕೈಯಲ್ಲಿ ಹಿಡಿಯುವ ಹೈಗ್ರೋಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. ಎಷ್ಟು ತಪ್ಪಿದೆಯೋ ಗುರುತು ಹಾಕಿಕೊಂಡು, ಅದೇ ಮೀಟರನ್ನು ಪ್ರತಿ ಥರ್ಮೋಸ್ಟ್ಯಾಟಿನ ಪಕ್ಕ ಅರ್ಧ ಗಂಟೆ ಹಿಡಿದು ತಿದ್ದುಪಡಿ ಹಾಕಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ ವರ್ಷಕ್ಕೊಮ್ಮೆ ಮಾಡಿ. ಅದೇ ದಿನ ಡ್ರೈನ್ ಪೈಪಿನ ಇಳಿಜಾರನ್ನೂ ನೋಡಿ: ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್.

ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡುವ ಮೊದಲು ಇವು ನಿಮ್ಮ ಕೈಯಲ್ಲಿರಬೇಕು: ಯಾವ ವಿಳಾಸ ಯಾವ ಕೋಣೆ ಎಂಬ ಪಟ್ಟಿ, ಕೇಬಲ್ ಹೋದ ದಾರಿಯ ನಕ್ಷೆ, ಥರ್ಮೋಸ್ಟ್ಯಾಟಿನ ಯಾವ ಮಾಹಿತಿ ಯಾವ ಸಂಖ್ಯೆಯಲ್ಲಿದೆ ಎಂದು ಹೇಳುವ ಮಾಡ್‌ಬಸ್ ರಿಜಿಸ್ಟರ್ ಪಟ್ಟಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮದೇ ಹೆಸರಿನಲ್ಲಿ, ಮತ್ತು ಮಳೆಗಾಲದ ಒಂದು ವಾರದ ತೇವಾಂಶದ ದಾಖಲೆ. ಕೆಲಸ ಫೆಬ್ರವರಿಯಲ್ಲಿ ಮುಗಿದಿದ್ದರೆ ಈ ಕೊನೆಯದು ಸಿಗುವುದಿಲ್ಲ. ಆದ್ದರಿಂದ ಶೇ. 10 ಹಣವನ್ನು ಜುಲೈವರೆಗೆ ಹಿಡಿದಿಡುವ ಮಾತನ್ನು ಕರಾರಿನಲ್ಲೇ ಬರೆಸಿ.