ವಾಲಗಕ್ಕೊಂದು ಜಿಐ ಟ್ಯಾಗ್

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಕೊಡಗಿನಲ್ಲಿ ಮದುವೆ ಇಲ್ಲ, ಮುಹೂರ್ತ ಇಲ್ಲ, ಅರ್ಧ ದಿನ ಕರೆಂಟೂ ಇಲ್ಲ. ಗದ್ದೆಯಲ್ಲಿ ನಾಟಿ ಮಾಡುವವರಿಗೆ ಕೆಲಸವೋ ಕೆಲಸ. ಮಾಡಿಸುವವರಿಗೆ ಬಿಡುವೋ ಬಿಡುವು. ಈ ಬಿಡುವಿನಲ್ಲಿ ಮೂರು ಬೆಳೆ ತಾವಾಗಿಯೇ ಎದ್ದು ಬರುತ್ತವೆ: ಕಳಲೆ, ಅಣಬೆ, ಮತ್ತು ‘ನಿಜವಾದ ವಾಲಗ ಯಾವುದು’ ಎಂಬ ಚರ್ಚೆ. ವಾಲಗವೆಂದರೆ ಕೊಂಬೆಂಬ ಬಾಗಿದ ಕಹಳೆ, ಕೊಟ್ಟೆಂಬ ಚರ್ಮವಾದ್ಯ ಸೇರಿ ನಮ್ಮ ಮದುವೆ-ಹಬ್ಬಗಳಲ್ಲಿ ಕುಣಿಸುವ ಮೇಳ. ಕಳಲೆಯಾದರೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ನೀರು ಬದಲಿಸಿ, ವಿಷ ತೆಗೆದು ಪಲ್ಯ ಮಾಡಬಹುದು. ಚರ್ಚೆಗೆ ಅಂಥ ಉಪಾಯ ಇನ್ನೂ ಸಿಕ್ಕಿಲ್ಲ.

ಈ ಸಲ ಕಿಡಿ ಹೊತ್ತಿಸಿದ್ದು ನಲವತ್ತು ಸೆಕೆಂಡಿನ ಒಂದು ವಿಡಿಯೊ. ಮದುವೆಯ ಗಂಗಾಪೂಜೆ. ಕೊಡ ಹೊತ್ತ ಮದುಮಗಳು ನಿಂತಿದ್ದಾಳೆ, ಗಂಡಿನ ಕಡೆಯವರು ದಾರಿ ಬಿಡದೆ ಕುಣಿಯುತ್ತಿದ್ದಾರೆ. ವಾಲಗದ ಕೆಳಗೆ ಯಾವನೋ ಡಿಜೆ ಒಂದು ಕಿಕ್ ಡ್ರಮ್ ಸೇರಿಸಿಟ್ಟಿದ್ದಾನೆ.

“ಇದು ವಾಲಗವೇ ಅಲ್ಲ. ನಮ್ಮಜ್ಜ ಕೇಳಿದ್ರೆ ಒಡಿಕತ್ತಿ ಹಿಡ್ಕೊಂಡು ಎದ್ದು ಬರ್ತಿದ್ರು” ಎಂದರು ಸೇನೆಯಿಂದ ನಿವೃತ್ತರಾದ ಅಂಕಲ್.

“ಅಂಕಲ್, ಇದು ಆಫ್ರೋ ಹೌಸ್” ಎಂದು ಡಿಜೆ ಸಂಗೀತದ ಒಂದು ಬಗೆಯ ಹೆಸರು ಹೇಳಿದ ಬೆಂಗಳೂರಿನಿಂದ ರಜೆಗೆ ಬಂದ ಹುಡುಗ.

“ಅಲ್ಲ ಬ್ರೋ, ಆರ್ಗ್ಯಾನಿಕ್ ಹೌಸ್” ಎಂದ ಇನ್ನೊಬ್ಬ.

“ನಮ್ಮದೂ ಆರ್ಗ್ಯಾನಿಕ್ಕೇ ಮಗ, ಸಗಣಿ ಗೊಬ್ಬರ ಬಿಟ್ಟು ತೋಟಕ್ಕೆ ಬೇರೆ ಏನೂ ಹಾಕಿಲ್ಲ” ಎಂದು ಅಂಕಲ್ ಎದೆಯುಬ್ಬಿಸಿದರು. ಚರ್ಚೆಯಲ್ಲಿ ಒಮ್ಮತ ಮೂಡಿದ ಏಕೈಕ ಗಳಿಗೆ ಅದು.

ಶುದ್ಧ ಬೇಕೇ ಬೇಕು ಎನ್ನುವವರು ದುಡಿಯಿಂದ ಶುರು ಮಾಡಲಿ. ನಡು ಸಣ್ಣ, ಎರಡು ಮುಖ. ಎಡಗೈಯಲ್ಲಿ ಹಿಡಿದು ಬಲಗೈಯ ಸಣ್ಣ ಕೋಲಿನಿಂದ ಬಾರಿಸುವ ವಾದ್ಯ. ನಾಲ್ವರು ದುಡಿ ಹಿಡಿದು ಇಬ್ಬಿಬ್ಬರಾಗಿ ‘ಬಾಳೊ ಬಾಳೊ’ ಎಂದು ಪದ ಎತ್ತಿದರೆ ಅದು ಅಸಲಿ, ಒಪ್ಪೋಣ. ಆದರೆ ಚರ್ಮ ಯಾವುದು? ಹಿಂದಿನವರು ದುಡಿಗೆ ಕರಿಮುಸುವಿನ (ಕಪ್ಪು ಕೋತಿಯ) ಚರ್ಮವನ್ನು ಹುಡುಕಿಕೊಂಡು ಹೋಗುತ್ತಿದ್ದರು. ಆ ಮುಸುವ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿ ಕೂತಿದೆ. ಮುಟ್ಟಿದರೆ ಕನಿಷ್ಠ ಮೂರು ವರ್ಷ ಜೈಲು. ಹಾಗಾಗಿ ನೂರಕ್ಕೆ ನೂರು ಶುದ್ಧ ದುಡಿ ಬೇಕಾದವರು ಮರದ ಆಚಾರಿಗಿಂತ ಮುಂಚೆ ವಕೀಲರನ್ನು ಹಿಡಿಯಬೇಕು. ಆಡಿನ ಚರ್ಮಕ್ಕೆ ಒಪ್ಪಿಕೊಂಡಿರೋ, ಅಲ್ಲಿಗೆ ನೀವೂ ಫ್ಯೂಷನ್ ಪಾರ್ಟಿ ಸೇರಿದಿರಿ.

ಆಡಿನ ಚರ್ಮಕ್ಕೂ ನಮ್ಮ ಮಳೆಗಾಲಕ್ಕೂ ಆಗಿಬರುವುದಿಲ್ಲ. ಗಾಳಿಯ ತೇವ ಕುಡಿದು ಚರ್ಮ ಸಡಿಲವಾಗುತ್ತದೆ, ನಾದ ಹೋಗಿ ಒದ್ದೆ ಗೋಣಿಗೆ ಹೊಡೆದ ಸದ್ದು ಬರುತ್ತದೆ. ಉಜ್ಜುವ ಎಣ್ಣೆ, ಬಿಗಿಯುವ ದಾರ ಯಾವುದೂ ಇದಕ್ಕೆ ಪೂರ್ತಿ ಮದ್ದಲ್ಲ. ಬಾರಿಸುವ ಮುನ್ನ ಕೆಂಡದ ಮುಂದೆ, ಒಂದು ಗೇಣು ದೂರದಲ್ಲಿ, ಎರಡೂ ಮುಖವನ್ನು ತಿರುಗಿಸುತ್ತ ಕಾಯಿಸಬೇಕು. ಚರ್ಮದ ಬಿಸಿ ಅಂಗೈಗೆ ಹಿತವಾಗಿರಬೇಕು, ಸುಡಬಾರದು. ಸುಟ್ಟರೆ ಅಂಚಿನಲ್ಲಿ ಬಿರಿದು ಮೂರನೇ ಪೆಟ್ಟಿಗೆ ಹರಿಯುತ್ತದೆ. ಕಾಯಿಸಿದ ದುಡಿಯೂ ಮಳೆಯಲ್ಲಿ ಎರಡು ಪದ ಮುಗಿಯುವಷ್ಟರಲ್ಲಿ ಮತ್ತೆ ಇಳಿಯುತ್ತದೆ, ಮತ್ತೆ ಒಲೆಯ ಹತ್ತಿರ ಓಡಬೇಕು. ಅದಕ್ಕೇ ಕೆಲವರು ಫೈಬರ್ ಮುಖ ಹಾಕಿಸುತ್ತಾರೆ. ಆ ಪಾಲಿಯೆಸ್ಟರ್ ಹಾಳೆಯ ಮುಖಗಳು ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಅಲ್ಲಿಯೂ ಡ್ರಮ್ ಬಾರಿಸುವವರು ಕರುವಿನ ಚರ್ಮ ಮಳೆಗೆ ಸಡಿಲವಾಗುತ್ತದೆಂದು ಗೊಣಗುತ್ತಿದ್ದರು. ಫೈಬರ್ ಇಳಿಯುವುದಿಲ್ಲ ನಿಜ, ಆದರೆ ಪೆಟ್ಟು ಬಿದ್ದ ಮೇಲೂ ಡಬ್ಬಿಯ ಹಾಗೆ ಗುಂಯ್‌ಗುಡುತ್ತದೆ. ಒಳಬದಿಯಲ್ಲಿ ಬಟ್ಟೆಯ ಚಿಕ್ಕ ತುಂಡು ಅಂಟಿಸಿದರೆ ಅರ್ಧ ಗುಂಗು ಸಾಯುತ್ತದೆ. ಈ ಬಟ್ಟೆಯ ತುಂಡಿನ ಬಗ್ಗೆ ಚರ್ಚೆಯಲ್ಲಿ ಯಾರೂ ಬಾಯಿ ಬಿಟ್ಟದ್ದಿಲ್ಲ. ಶುದ್ಧತೆಯ ಮಾತೆತ್ತಿದವರಲ್ಲಿ ದುಡಿ ಕಾಯಿಸಿದವರೇ ಇರಲಿಲ್ಲ.

ಇನ್ನು ಕೊಂಬು. ಡಿಜೆಯನ್ನು ಬೈಯಲು ಗಟ್ಟಿ ಕಾರಣ ಸಿಗುವುದು ಇಲ್ಲಿ. ಕೊಂಬಿಗೆ ಬೆರಳಿಡುವ ತೂತಿಲ್ಲ, ಒತ್ತುವ ಗುಂಡಿಯಿಲ್ಲ. ತುಟಿ ಬಿಗಿದಂತೆಲ್ಲ ಒಂದೇ ಕೊಳವೆಯಿಂದ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳು ಮೇಲೇಳುತ್ತವೆ. ನಡುವಿನದು ಬೇಕೆಂದರೆ ಬರುವುದಿಲ್ಲ. ಹಾಗೆ ಏಳುವ ಏಳನೆಯ ಸ್ವರ ಕೀಬೋರ್ಡಿನ ಮನೆಗಿಂತ 31 ಸೆಂಟ್ ಕೆಳಗೆ ಕೂರುತ್ತದೆ (ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರ ನೂರು ಸೆಂಟ್). ಹನ್ನೊಂದನೆಯದು ಹೆಚ್ಚುಕಡಿಮೆ ಎರಡು ಮನೆಗಳ ನಟ್ಟನಡುವೆ. ಕೀಬೋರ್ಡಿನ ಕಣ್ಣಿಗೆ ಇದು ಅಪಸ್ವರ, ಕೊಂಬಿನ ಪಾಲಿಗೆ ಹುಟ್ಟುಗುಣ. ಡಿಜೆ ಏನು ಮಾಡುತ್ತಾನೆ? ಆಟೋಟ್ಯೂನ್ ಹಾಕಿ ಎಲ್ಲವನ್ನೂ ಹತ್ತಿರದ ಮನೆಗೆ ದಬ್ಬುತ್ತಾನೆ. ಕೊಂಬು ಹೋಗಿ ಸಂಪಾಜೆ ಘಾಟಿಯ ತಿರುವಿನಲ್ಲಿ ಬರುವ ಬಸ್ಸಿನ ಏರ್ ಹಾರ್ನ್ ಉಳಿಯುತ್ತದೆ.

ಇದಕ್ಕೆ ಪರಿಹಾರವೂ ಇದೆ, ಖರ್ಚಿಲ್ಲದ್ದು. ಕೊಂಬನ್ನು ಕೀಬೋರ್ಡಿಗೆ ಹೊಂದಿಸಲು ಹೋಗಬಾರದು, ಕೀಬೋರ್ಡನ್ನು ಕೊಂಬಿಗೆ ಹೊಂದಿಸಬೇಕು. ಮೊದಲು ಕೊಂಬನ್ನು ಒಂಟಿಯಾಗಿ ರೆಕಾರ್ಡ್ ಮಾಡಿ, ಅದರ ಮೂಲ ಸ್ವರ ಹಿಡಿದು, ಕೀಬೋರ್ಡಿನ ಒಟ್ಟು ಶ್ರುತಿಯನ್ನು ಅಷ್ಟೇ ಸೆಂಟ್ ಏರಿಸಬೇಕು ಅಥವಾ ಇಳಿಸಬೇಕು. ಹಿಂದೆ ಒಂದೇ ಸ್ವರದ ಶ್ರುತಿ ಬಿಟ್ಟು ಕಾರ್ಡ್‌ಗಳನ್ನು (ಹಲವು ಸ್ವರಗಳನ್ನು ಒಟ್ಟಿಗೆ) ನುಡಿಸದಿದ್ದರೆ ಅರ್ಧ ಜಗಳ ಮುಗಿಯಿತು. ಉಳಿದರ್ಧ ಲಯದ್ದು. ಕುಣಿಯುವವರು ಬೆವರಿದಂತೆ ಬಾರಿಸುವವರ ಕೈ ತಾನಾಗಿ ಚುರುಕಾಗುತ್ತದೆ. ಡಿಜೆಯ ಕಂಪ್ಯೂಟರಿನ ತಾಳದ ಗೆರೆ ಮಾತ್ರ ನಿಮಿಷಕ್ಕೆ 122 ಪೆಟ್ಟಿಗೇ ನಿಂತಿರುತ್ತದೆ. ಕೆಲವೇ ಆವರ್ತದಲ್ಲಿ ಕಿಕ್ ಒಂದು ಕಡೆ, ಕೊಟ್ಟು ಒಂದು ಕಡೆ. ಅದನ್ನು ಮುಚ್ಚಲು ವಾಲಗವನ್ನೇ ಎಳೆದು ಗೆರೆಗೆ ಕೂರಿಸುತ್ತಾರೆ, ಆಗ ಉಸಿರು ಹೋಗುತ್ತದೆ. ಮೇಲಾಗಿ ಕಿಕ್ ಡ್ರಮ್ಮಿನ ಅಬ್ಬರವೂ ಕೊಟ್ಟಿನ ಗುಮ್ಮೂ ಕೆಳಗಿನ ಅದೇ ಕಂಪನಗಳಲ್ಲಿ ಜಾಗಕ್ಕೆ ಹೊಡೆದಾಡುತ್ತವೆ. ಗೆಲ್ಲುವುದು ಆಂಪ್ಲಿಫೈಯರ್ ಇದ್ದವನೇ. ಬೈಯಲು ಇಷ್ಟೊಂದು ಒಳ್ಳೊಳ್ಳೆ ಕಾರಣಗಳಿರುವಾಗ ‘ಸಂಸ್ಕೃತಿ ಹಾಳಾಯಿತು’ ಎಂದಷ್ಟೇ ಬೈಯುವುದು ಶುದ್ಧ ಸೋಮಾರಿತನ.

ಲೇಬಲ್ ಪಕ್ಷದ ಕಡೆಗೂ ಬರೋಣ. ಆಫ್ರೋ ಹೌಸೋ, ಆರ್ಗ್ಯಾನಿಕ್ ಹೌಸೋ, ಕೂರ್ಗಿ ವರ್ಲ್ಡ್ ಫ್ಯೂಷನ್ನೋ ಎಂದು ಅವರು ಮೂರು ರಾತ್ರಿ ನಿದ್ದೆಗೆಟ್ಟರು. ಈ ‘ವರ್ಲ್ಡ್ ಮ್ಯೂಸಿಕ್’ ಎಂಬ ಅಂಗಡಿ ಬೋರ್ಡು ನಿಂತದ್ದು 1987ರ ಜೂನ್ 29ರಂದು, ಲಂಡನ್ನಿನ ಒಂದು ಪಬ್ಬಿನ ಮಹಡಿಯಲ್ಲಿ. ಸಣ್ಣ ರೆಕಾರ್ಡ್ ಕಂಪನಿಯವರು ಸೇರಿ, ಆಫ್ರಿಕಾ, ಏಷ್ಯಾ, ಬಲ್ಗೇರಿಯದ ತಟ್ಟೆಗಳನ್ನು ಅಂಗಡಿಯವರು ಯಾವ ಕಪಾಟಿನಲ್ಲಿಡಬೇಕು ಎಂದು ತಲೆ ಕೆರೆದುಕೊಂಡರು. ‘ಟ್ರಾಪಿಕಲ್’ ಎಂದರೆ ಬಲ್ಗೇರಿಯದವರು ಚಳಿಯಲ್ಲಿ ಹೊರಗುಳಿಯುತ್ತಿದ್ದರು. ‘ವರ್ಲ್ಡ್‌ಬೀಟ್’ ಎಂದರೆ ಡ್ರಮ್ ಇಲ್ಲದವರಿಗೆ ಜಾಗವಿಲ್ಲ. ಕೊನೆಗೆ ಇಡೀ ಲೋಕವನ್ನೇ ಒಂದು ರಟ್ಟಿನ ಚೀಟಿಯ ಹಿಂದೆ ನಿಲ್ಲಿಸಿ ಎದ್ದರು. ಗ್ರ್ಯಾಮಿಯವರು ಆ ಚೀಟಿಯನ್ನು ದಶಕಗಳ ಕಾಲ ಅಂಟಿಸಿಕೊಂಡಿದ್ದು, 2020ರಲ್ಲಿ ‘ವರ್ಲ್ಡ್’ ಅಳಿಸಿ ‘ಗ್ಲೋಬಲ್’ ಎಂದು ಬರೆದರು. ಲೋಕ ಅಷ್ಟೇ ಇತ್ತು.

ಕಾಫಿಯವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಕ್ಯೂರಿಂಗ್‌ನಲ್ಲಿ ಒಂದೇ ಗಿಡದ ಬೀಜ ಜರಡಿಯ ಮೇಲೆ ನಿಂತರೆ ಎ, ಕೆಳಗೆ ಬಿದ್ದರೆ ಬಿ, ಗುಂಡಗಿದ್ದರೆ ಪೀಬೆರಿ. ಚೀಟಿ ಹೇಳುವುದು ಜರಡಿಯ ಕಣ್ಣಿನ ಅಳತೆಯನ್ನು. ಕುಡಿದು ನೋಡುವ ಕೆಲಸ ಬೇರೆಯೇ ಇದೆ. ಅಷ್ಟು ತಿಳಿದ ಜಿಲ್ಲೆಯಲ್ಲಿ ಹಾಡಿನ ಚೀಟಿಗೆ ಹೊಡೆದಾಟ.

ಅಂಕಲ್ ಸುಮ್ಮನಾಗಲಿಲ್ಲ. “ವಾಲಗಕ್ಕೆ ಜಿಐ ಟ್ಯಾಗ್ ಮಾಡಿಸಬೇಕು, ಹೊರಗಿನದ್ದು ಒಂದು ಚೂರೂ ಸೇರಬಾರದು” ಎಂದು, ಸರಕು ಇಂಥ ಊರಿನದೇ ಎಂದು ಸರಕಾರ ಒತ್ತುವ ಆ ಮುದ್ರೆಗೆ ಅರ್ಜಿಯ ಕರಡು ಸಿದ್ಧ ಮಾಡಿದರು. ಬರೆಯುತ್ತ ಕುಡಿದದ್ದು ಕೂರ್ಗ್ ಅರೇಬಿಕಾ. ಇಥಿಯೋಪಿಯದಲ್ಲಿ ಹುಟ್ಟಿ, ಯೆಮನ್ ದಾಟಿ, ಹೆಸರಿನಲ್ಲೇ ಅರಬ್ಬರ ವಿಳಾಸ ಹೊತ್ತು ಬಂದ ಗಿಡಕ್ಕೆ 2019ರಲ್ಲಿ ಕೊಡಗಿನದೆಂದು ಜಿಐ ಮುದ್ರೆ ಬಿದ್ದಿದೆ. ಅದಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಸಿಲ್ವರ್ ಓಕಿಗೆ ಹಬ್ಬಿದ ಕರಿಮೆಣಸು ಮಾತ್ರ ನಮ್ಮ ಘಟ್ಟದ್ದು. ಪಂದಿ ಕರಿಯ ಒಣಮೆಣಸಿನಕಾಯಿಯ ಊರನ್ನು ಕೇಳಿ ಊಟ ಕೆಡಿಸುವುದು ಬೇಡ.

ಸಂಗೀತದಲ್ಲೂ ಇದೇ ಕಥೆ. ಪಿಟೀಲಿಲ್ಲದ ಕರ್ನಾಟಕ ಸಂಗೀತ ಕಛೇರಿ ಇಂದು ಬೋಳು ಕಾಣುತ್ತದೆ. ಅದು ವೇದಿಕೆ ಹತ್ತಿ ಸುಮಾರು ಇನ್ನೂರು ವರ್ಷ, ಅಷ್ಟೆ. ಹಾರ್ಮೋನಿಯಂ ಪರದೇಶಿ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲು ಹಾಕಿತ್ತು. ಆ ಮೂವತ್ತೊಂದು ವರ್ಷವೂ ಭಜನಾ ಮಂಡಳಿಗಳು ಅದನ್ನೇ ಒತ್ತುತ್ತಿದ್ದವು.

ನಡುವೆ ರೆಸಾರ್ಟ್‌ನವರೂ ತಲೆ ಹಾಕಿದರು. ಅವರಿಗೆ ‘ಅಥೆಂಟಿಕ್’ ಬೇಕು, ರಾತ್ರಿ ಎಂಟೂವರೆಯಿಂದ ಎಂಟು ಐವತ್ತರ ಒಳಗೆ, ಬಾರ್ಬೆಕ್ಯೂ ಹೊಗೆ ವೇದಿಕೆಯ ಕಡೆ ತಿರುಗುವ ಮುಂಚೆ. ವರ್ಷದ ಕೊನೆಯ ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ ಏಪ್ರಿಲ್‌ನಲ್ಲಿ ನಡೆದರೂ ಅಡ್ಡಿಯಿಲ್ಲ. ಕದಿರು ಇಲ್ಲದಿದ್ದರೆ ಲೆಮನ್‌ಗ್ರಾಸ್ ಹಿಡಿದರಾಯಿತು.

ಈಗ ವಿಡಿಯೊವನ್ನು ಇನ್ನೊಮ್ಮೆ ನೋಡಿ. ಮದುಮಗಳಿದ್ದಾಳೆ, ಕುಣಿಯುವವರಿದ್ದಾರೆ, ಡಿಜೆಯ ಲೋಗೊ ಮೂಲೆಯಲ್ಲಿ ಮಿನುಗುತ್ತದೆ. ಎಡಗಡೆ ಅಂಚಿನಲ್ಲಿ ಕೊಂಬಿನ ಬಾಯಿ ಮಾತ್ರ ಇಣುಕುತ್ತದೆ, ಊದುವವನು ಚೌಕಟ್ಟಿನ ಹೊರಗೆ. ಕೆಂಬಟ್ಟಿ, ಮೇದ ಸಮುದಾಯದವರ ಉಸಿರು ಮತ್ತು ಕೈ ಬಿಟ್ಟರೆ ವಾಲಗಕ್ಕೆ ಬೇರೆ ಮೂಲವಿಲ್ಲ. ಗಂಗಾಪೂಜೆಯ ಕುಣಿತ ಗಂಟೆಗಟ್ಟಲೆ ನಡೆಯುತ್ತದೆ, ತುಟಿ ಊದಿಕೊಂಡರೂ ನಿಲ್ಲಿಸುವಂತಿಲ್ಲ. ಡಿಜೆಗೆ ಮುಂಗಡ, ಜನರೇಟರ್, ಊಟದ ಕೂಪನ್. ವಾಲಗದವರ ಹತ್ತಿರ ಮಾತ್ರ “ಸ್ವಲ್ಪ ಕಮ್ಮಿ ಮಾಡ್ಕೊಳ್ಳಪ್ಪ, ನಮ್ಮ ಪದ್ಧತಿ ಅಲ್ವಾ” ಎಂಬ ಚೌಕಾಶಿ. ಜಿಐ ಅರ್ಜಿಯಲ್ಲಿ ‘ಉತ್ಪಾದಕರು’ ಎಂಬ ಕಲಮಿನ ಎದುರು ಅಂಕಲ್ ತಮ್ಮ ಮನೆತನದ ಹೆಸರು ಬರೆದಿದ್ದರಂತೆ.

ಕಕ್ಕಡ ಕಳೆಯಿತು, ಚರ್ಚೆ ಕಳೆಯಲಿಲ್ಲ. ಬೇಸಗೆಯಲ್ಲಿ ಲೇಬಲ್ ಪಕ್ಷದ ಹುಡುಗ ಫೀಲ್ಡ್ ರೆಕಾರ್ಡಿಂಗ್ ಮಾಡಲು ದೇವರಪುರದ ಕುಂಡೆ ಹಬ್ಬಕ್ಕೆ ಬಂದ. ಬೇಟೆಗೆಂದು ಕಾಡಿಗೆ ಕರೆದೊಯ್ದು, ಭದ್ರಕಾಳಿಯ ಹಿಂದೆ ಓಡಿಹೋದ ಅಯ್ಯಪ್ಪನಿಗೆ ಜೇನುಕುರುಬರು, ಯರವರು ಹೆಣ್ಣುವೇಷ ಹಾಕಿ ಮನಸಾರೆ ಬೈಯುವ ದಿನವದು. ದೇವರನ್ನೇ ಬಿಡದವರು ದಾರಿಹೋಕರನ್ನು ಬಿಡುವುದಿಲ್ಲ. ಬಾರಿಸಲು ತಗಡಿನ ಡಬ್ಬಿ, ಸೋರೆ ಬುರುಡೆ, ನೀಲಿ ಪ್ಲಾಸ್ಟಿಕ್ ಕ್ಯಾನು, ಸಿಕ್ಕಿದ್ದೆಲ್ಲ. ಹುಡುಗ ಮೈಕು ಚಾಚಿ, ಈ ಪ್ಲಾಸ್ಟಿಕ್ ಕ್ಯಾನು ನಿಮ್ಮ ಸಂಪ್ರದಾಯಕ್ಕೆ ಸೇರಿದ್ದಾ, ಇದರ ಜಾನರ್ ಯಾವುದು ಎಂದು ಕೇಳಿದ.

ಲಂಗ ತೊಟ್ಟ ಗಡ್ಡದವನೊಬ್ಬ ಅವನ ಜೇಬಿನಿಂದ ನೂರರ ನೋಟು ಎಳೆದುಕೊಂಡು, ಅವನನ್ನೂ ಅವನ ಮೈಕನ್ನೂ ಸೇರಿಸಿ ಎರಡು ಸಾಲು ಕಟ್ಟಿ ಹಾಡಿದ. ಅಚ್ಚು ಹಾಕುವಂಥ ಸಾಲುಗಳಲ್ಲ. ಕ್ಯಾನಿನ ಮೇಲೆ ತಾಳ ಮಾತ್ರ ಒಂದೂ ತಪ್ಪಲಿಲ್ಲ.